ನರಕೋಶಗಳ ಹುಟ್ಟು, ನಡೆ, ನಂಟು

ವಯಸ್ಕ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು 6,900 ಕೋಟಿ ತಲೆಯ ಹಿಂಬದಿಯ ಕಿರುಮಿದುಳಿನಲ್ಲೇ ಇವೆ. ನೋಟ, ನುಡಿ, ಆಲೋಚನೆಗಳನ್ನು ನಿಭಾಯಿಸುವ ಹೊರಪದರವಾದ ಕಾರ್ಟೆಕ್ಸ್‌ನಲ್ಲಿರುವುದು ಸುಮಾರು 1,600 ಕೋಟಿ. ಕಾರ್ಟೆಕ್ಸ್‌ನ ಒಂದೊಂದು ನರಕೋಶಕ್ಕೂ ಇತರ ಕೋಶಗಳೊಂದಿಗೆ ಸಾವಿರಾರು ಸಂಧಿಗಳಿರುತ್ತವೆ. ಈ ಇಡೀ ಜಾಲ ಒಂದೇ ಒಂದು ಫಲಿತ ಅಂಡದಿಂದ ಬೆಳೆದು ಬರುತ್ತದೆ. ಆದರೆ ಆ ಅಂಡದ ಜೀನೋಮ್‌ನಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 20,000 ಮಾತ್ರ. ಯಾವ ನರಕೋಶ ಯಾವುದರೊಡನೆ ಸೇರಬೇಕೆಂದು ಒಂದೊಂದಾಗಿ ಬರೆದಿಡಲು ಅಷ್ಟು ಜೀನುಗಳು ಎಲ್ಲಿಗೂ ಸಾಲವು. ಹಾಗಾಗಿ ಜೀನುಗಳು ಹೊತ್ತು ತರುವುದು ಜಾಲದ ನಕ್ಷೆಯನ್ನಲ್ಲ, ಜಾಲ ಕಟ್ಟುವ ನಿಯಮಗಳನ್ನು. ಕೋಶ ತಾನಿರುವ ಜಾಗವನ್ನು ತಿಳಿಯುವುದು, ನೆರೆಯ ಕೋಶದ ಸುಳಿವಿಗೆ ಓಗೊಡುವುದು, ಬೇಕಾದ್ದಕ್ಕಿಂತ ಹೆಚ್ಚು ಹುಟ್ಟಿಸಿ ಸಲ್ಲದ್ದನ್ನು ಕಳೆಯುವುದು, ಕೊನೆಗೆ ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು: ನರವ್ಯೂಹದ ಬೆಳವಣಿಗೆಯನ್ನು ಕುರಿತ ನೂರು ವರ್ಷಗಳ ಸಂಶೋಧನೆ ಈ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದೆ.

ನರವಾಗುವ ನಿರ್ಧಾರ

ಬೆನ್ನುಮೂಳೆಯುಳ್ಳ ಪ್ರಾಣಿಗಳ ಭ್ರೂಣದಲ್ಲಿ ಮೊದಲಿಗೆ ಮೂರು ಪದರಗಳು ಮೂಡುತ್ತವೆ. ನರವ್ಯೂಹ ಹುಟ್ಟುವುದು ಹೊರಪದರದಿಂದ; ಚರ್ಮದ ಮೇಲ್ಪದರ ಹುಟ್ಟುವುದೂ ಅದರಿಂದಲೇ. ಒಂದೇ ಪದರದ ಕೋಶಗಳಲ್ಲಿ ಕೆಲವು ಚರ್ಮವಾಗಿ, ಕೆಲವು ನರವಾಗಿ ಬೇರೆಯಾಗುವುದು ಹೇಗೆಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು ಜರ್ಮನಿಯ ಫ್ರೈಬರ್ಗ್‌ನಲ್ಲಿ. ಹ್ಯಾನ್ಸ್ ಸ್ಪೀಮನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್ ನ್ಯೂಟ್ ಎಂಬ ಉಭಯಚರದ ಒಂದು ಭ್ರೂಣದ ಬೆನ್ನಿನ ಕಡೆಯ ತುಟಿಯಂಥ ಅಂಚನ್ನು ಕತ್ತರಿಸಿ, ಬೇರೆ ಬಣ್ಣದ ಮತ್ತೊಂದು ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಿದರು. ಅಲ್ಲಿ ಎರಡನೆಯ ಬೆನ್ನು, ಎರಡನೆಯ ನರನಾಳ ಮೂಡಿತು. ಬಣ್ಣದ ವ್ಯತ್ಯಾಸದಿಂದ ತಿಳಿದುಬಂದ ಸಂಗತಿ ಇನ್ನೂ ಮುಖ್ಯವಾದದ್ದು: ಆ ಹೊಸ ನರನಾಳದ ಬಹುಪಾಲು ಕಸಿ ಮಾಡಿದ ತುಣುಕಿನಿಂದ ಬಂದದ್ದಲ್ಲ, ಆತಿಥೇಯ ಭ್ರೂಣದ ಕೋಶಗಳೇ ಆ ತುಣುಕಿನ ಪ್ರಭಾವಕ್ಕೆ ಸಿಕ್ಕಿ ನರವಾಗಿದ್ದವು. 1924ರಲ್ಲಿ ಈ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ಮ್ಯಾಂಗೋಲ್ಡ್ ಅಪಘಾತದಲ್ಲಿ ತೀರಿಕೊಂಡರು; 1935ರ ನೋಬೆಲ್ ಸ್ಪೀಮನ್ ಒಬ್ಬರ ಪಾಲಿಗೆ ಬಂತು.

ಆ ತುಣುಕು ಕಳಿಸುವ ಸಂದೇಶ ಯಾವುದೆಂದು ತಿಳಿಯಲು ಇನ್ನೂ ಏಳು ದಶಕ ಬೇಕಾಯಿತು. 1990ರ ದಶಕದಲ್ಲಿ ಕಪ್ಪೆಯ ಭ್ರೂಣದಲ್ಲಿ ನಾಗಿನ್, ಕಾರ್ಡಿನ್, ಫಾಲಿಸ್ಟಾಟಿನ್ ಎಂಬ ಪ್ರೋಟೀನುಗಳು ಪತ್ತೆಯಾದವು. ಇವು ನರವಾಗೆಂದು ನೇರವಾಗಿ ಹೇಳುವ ಪ್ರೋಟೀನುಗಳಲ್ಲ. ಹೊರಪದರದ ಕೋಶಗಳನ್ನು ಚರ್ಮವಾಗುವಂತೆ ಒತ್ತಾಯಿಸುವ ಬಿಎಂಪಿ ಎಂಬ ಸಂಕೇತವನ್ನು ಇವು ತಡೆಯುತ್ತವೆ. ಒತ್ತಾಯ ತಪ್ಪಿದ ಕಡೆ ಕೋಶಗಳು ನರದ ಹಾದಿ ಹಿಡಿಯುತ್ತವೆ. ಕಪ್ಪೆಯ ಭ್ರೂಣದ ಹೊರಪದರದ ಕೋಶಗಳನ್ನು ಒಂದರಿಂದೊಂದು ಬಿಡಿಸಿ ಬೆಳೆಸಿದರೆ ಅವು ನರದ ಗುಣ ತೋರುವುದು ಈ ಕಾರಣದಿಂದಲೇ. ಹಕ್ಕಿ ಮತ್ತು ಸಸ್ತನಿಗಳಲ್ಲಿ ಎಫ್‌ಜಿಎಫ್, ವಿಂಟ್ ಸಂಕೇತಗಳೂ ಈ ನಿರ್ಧಾರದಲ್ಲಿ ಕೈಜೋಡಿಸುತ್ತವೆ.

ನರವಾಗಲು ಹೊರಟ ಕೋಶಗಳು ಬೆನ್ನಿನ ಉದ್ದಕ್ಕೂ ಒಂದು ದಪ್ಪ ಫಲಕವಾಗುತ್ತವೆ. ಫಲಕದ ಎರಡೂ ಅಂಚುಗಳು ಮೇಲೆದ್ದು, ಬಾಗಿ, ನಡುವೆ ಕೂಡಿ ನರನಾಳವಾಗುತ್ತದೆ. ಮಾನವ ಭ್ರೂಣದಲ್ಲಿ ಇದು ಮೂರನೆಯ ವಾರದ ಕೊನೆಗೆ ಆರಂಭವಾಗಿ ಸುಮಾರು 28ನೆಯ ದಿನಕ್ಕೆ ಮುಗಿಯುತ್ತದೆ. ಎಷ್ಟೋ ತಾಯಂದಿರಿಗೆ ಗರ್ಭ ನಿಂತಿದ್ದು ಖಚಿತವಾಗಿ ತಿಳಿಯುವ ಮುನ್ನವೇ ಈ ಕೆಲಸ ಮುಗಿದಿರುತ್ತದೆ. ನಾಳದ ಮೇಲ್ತುದಿ ಮುಚ್ಚದಿದ್ದರೆ ಮಿದುಳಿನ ಬಹುಭಾಗವೇ ಇಲ್ಲದ ಅನೆನ್‌ಸೆಫಲಿ, ಕೆಳಭಾಗ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ ಉಂಟಾಗುತ್ತವೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭಧಾರಣೆಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟಾಗ ತೊಂದರೆ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗಿತು. ಗರ್ಭ ನಿಂತ ಮೇಲಲ್ಲ, ಅದಕ್ಕೂ ಮೊದಲೇ ಫೋಲಿಕ್ ಆಮ್ಲ ಸೇವಿಸಬೇಕೆಂಬ ವೈದ್ಯರ ಸಲಹೆಗೆ ಆಧಾರ ಈ ದಿನಗಳ ಲೆಕ್ಕವೇ.

ಜಾಗದ ಗುರುತು

ನರನಾಳದ ಕೋಶಗಳು ನೋಡಲು ಒಂದೇ ಬಗೆಯವಾದರೂ ಅವುಗಳ ಮುಂದಿನ ಗತಿ ಬೇರೆ ಬೇರೆ. ಬೆನ್ನುಹುರಿಯ ಮುಂಭಾಗದ ಕೋಶಗಳು ಸ್ನಾಯುಗಳನ್ನು ಆಡಿಸುವ ನರಕೋಶಗಳಾದರೆ, ಹಿಂಭಾಗದವು ಸ್ಪರ್ಶ, ನೋವುಗಳ ಸುದ್ದಿಯನ್ನು ನಿರ್ವಹಿಸುವ ಕೋಶಗಳಾಗುತ್ತವೆ. ಈ ವಿಂಗಡಣೆ ಆಗುವುದು ರಾಸಾಯನಿಕಗಳ ಸಾಂದ್ರತೆಯಿಂದ. ನಾಳದ ಕೆಳಗೆ ಹಾದುಹೋಗುವ ನೋಟೊಕಾರ್ಡ್ ಎಂಬ ದಂಡವೂ ನಾಳದ ತಳವೂ ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ನಾಳದ ಮೇಲ್ಭಾಗ ಬಿಎಂಪಿಯನ್ನು ಸ್ರವಿಸುತ್ತದೆ. ಮೂಲದಿಂದ ದೂರ ಹೋದಷ್ಟೂ ಪ್ರೋಟೀನು ತೆಳುವಾಗುತ್ತದೆ. ತನಗೆ ತಾಗಿದ ಪ್ರಮಾಣ ಎಷ್ಟು, ಎಷ್ಟು ಹೊತ್ತು ತಾಗಿತು ಎಂಬುದರ ಮೇಲೆ ಕೋಶದೊಳಗೆ ಬೇರೆ ಬೇರೆ ಜೀನುಗಳು ಎಚ್ಚರಗೊಳ್ಳುತ್ತವೆ. ಹೀಗೆ ನಾಳದ ತಳದ ಕಡೆಯ ಅರ್ಧದಲ್ಲೇ, ಅಂದರೆ ಬೆನ್ನುಹುರಿಯ ಮುಂಭಾಗವಾಗುವ ಕಡೆ, ಐದು ಬಗೆಯ ಮೂಲಕೋಶಗಳ ಪಟ್ಟಿಗಳು ಮೂಡುತ್ತವೆ. ತಲೆಯಿಂದ ಬಾಲದವರೆಗಿನ ಗುರುತನ್ನು ಹಾಕ್ಸ್ ಜೀನುಗಳು ನೋಡಿಕೊಳ್ಳುತ್ತವೆ. ತೋಳಿನ ಸ್ನಾಯುಗಳಿಗೆ ಹೋಗುವ ನರಕೋಶಗಳು ಕುತ್ತಿಗೆಯ ಬಳಿಯೇ, ಕಾಲಿನವು ಸೊಂಟದ ಬಳಿಯೇ ಹುಟ್ಟುವುದು ಇವುಗಳಿಂದ.

ಮಿದುಳಿನೊಳಗೂ ಇಂಥ ಸಂಕೇತಕೇಂದ್ರಗಳಿವೆ. ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಎಲ್ಲಿ ಮೂಡಬೇಕೆಂಬುದನ್ನು ಕಾರ್ಟೆಕ್ಸ್‌ನ ಅಂಚಿನ ಹೆಮ್ ಎಂಬ ಪಟ್ಟಿ ನಿರ್ಧರಿಸುತ್ತದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಶುಭಾ ತೋಳೆಯವರ ತಂಡ 2008ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸ ಇದನ್ನು ಖಚಿತಪಡಿಸಿತು. ಎಲ್‌ಎಚ್‌ಎಕ್ಸ್2 ಎಂಬ ಜೀನನ್ನು ಕಳೆದುಕೊಂಡ ಕೋಶಗಳು ಕಾರ್ಟೆಕ್ಸ್ ಆಗುವ ಬದಲು ಹೆಮ್ ಆದವು. ಅವುಗಳ ನೆರೆಯ ಸಾಮಾನ್ಯ ಕೋಶಗಳು ಇರಬಾರದ ಕಡೆಯಲ್ಲಿ ಹಿಪೊಕ್ಯಾಂಪಸ್ ಆದವು. ಸ್ಪೀಮನ್ ಮತ್ತು ಮ್ಯಾಂಗೋಲ್ಡ್ ನ್ಯೂಟ್‌ನ ಇಡೀ ದೇಹದಲ್ಲಿ ಕಂಡ ತತ್ವವೇ ಇಲ್ಲಿ ಮಿದುಳಿನ ಒಂದು ಮೂಲೆಯಲ್ಲಿ ಕೆಲಸ ಮಾಡುತ್ತಿತ್ತು.

ನರಕೋಶಗಳ ಹುಟ್ಟು

ನರನಾಳದ ಒಳಗೋಡೆಯಲ್ಲಿ ಮೂಲಕೋಶಗಳು ಒತ್ತೊತ್ತಾಗಿ ನಿಂತು ವಿಭಜಿಸುತ್ತವೆ. ಮೊದಮೊದಲು ಒಂದು ಕೋಶ ಒಡೆದು ಎರಡು ಮೂಲಕೋಶಗಳಾಗುತ್ತವೆ, ಸಂಖ್ಯೆ ಇಮ್ಮಡಿಯಾಗುತ್ತ ಹೋಗುತ್ತದೆ. ಆಮೇಲೆ ವಿಭಜನೆ ಅಸಮವಾಗುತ್ತದೆ: ಒಂದು ಮರಿಕೋಶ ಮೂಲಕೋಶವಾಗಿಯೇ ಉಳಿದರೆ ಇನ್ನೊಂದು ನರಕೋಶವಾಗುವ ದಾರಿ ಹಿಡಿಯುತ್ತದೆ. ಒಮ್ಮೆ ನರಕೋಶವಾದ ಮೇಲೆ ಅದು ಮತ್ತೆ ವಿಭಜಿಸುವುದಿಲ್ಲ. ಎಲ್ಲ ಕೋಶಗಳೂ ಒಮ್ಮೆಗೇ ನರಕೋಶಗಳಾಗಿಬಿಟ್ಟರೆ ಮುಂದಿನ ಪೀಳಿಗೆಗೆ ಮೂಲವೇ ಇಲ್ಲವಾಗುತ್ತದೆ. ಅದನ್ನು ತಡೆಯುವುದು ನಾಚ್ ಮತ್ತು ಡೆಲ್ಟಾ ಎಂಬ ಜೋಡಿ ಪ್ರೋಟೀನುಗಳು. ನರಕೋಶವಾಗಲು ಹೊರಟ ಕೋಶ ತನ್ನ ಮೈಮೇಲೆ ಡೆಲ್ಟಾವನ್ನು ಹೆಚ್ಚಿಸಿಕೊಂಡು, ನೆರೆಯ ಕೋಶದ ನಾಚ್ ಅನ್ನು ಕೆಣಕುತ್ತದೆ. ನಾಚ್ ಎಚ್ಚರಗೊಂಡ ನೆರೆಕೋಶ ಸದ್ಯಕ್ಕೆ ಮೂಲಕೋಶವಾಗಿಯೇ ಉಳಿಯುತ್ತದೆ. ಹಣ್ಣುನೊಣದಲ್ಲಿ ಮೊದಲು ತಿಳಿದುಬಂದ ಈ ಏರ್ಪಾಡು ಮನುಷ್ಯನಲ್ಲೂ ಇದೆ.

ಕಾರ್ಟೆಕ್ಸ್‌ನ ಮುಖ್ಯ ಮೂಲಕೋಶಗಳ ಹೆಸರು ರೇಡಿಯಲ್ ಗ್ಲಿಯಾ. ಅವುಗಳ ದೇಹ ಒಳಗೋಡೆಯ ಬಳಿ ಇರುತ್ತದೆ, ಉದ್ದನೆಯ ಎಳೆಯೊಂದು ಮಿದುಳಿನ ಹೊರಮೈವರೆಗೂ ಚಾಚಿರುತ್ತದೆ. ಇವು ಬರಿಯ ಆಸರೆಯ ಕೋಶಗಳೆಂದು ಬಹಳ ಕಾಲ ನಂಬಲಾಗಿತ್ತು. ನರಕೋಶಗಳನ್ನು ಹೆರುವ ಕೋಶಗಳೂ ಇವೇ ಎಂಬುದು 2001ರ ಹೊತ್ತಿಗೆ ಸ್ಪಷ್ಟವಾಯಿತು. ಮನುಷ್ಯನ ಭ್ರೂಣದಲ್ಲಿ ಒಳಗೋಡೆಯಿಂದ ಹೊರಗೆ ಸರಿದು ನಿಲ್ಲುವ ಹೊರ ರೇಡಿಯಲ್ ಗ್ಲಿಯಾ ಎಂಬ ಇನ್ನೊಂದು ಬಗೆ ಹೇರಳವಾಗಿದೆ ಎಂದು 2010ರಲ್ಲಿ ತಿಳಿಯಿತು. ಮನುಷ್ಯನ ಕಾರ್ಟೆಕ್ಸ್ ಇಷ್ಟು ಹಿಗ್ಗಿ ಮಡಿಕೆ ಮಡಿಕೆಯಾಗಲು ಈ ಕೋಶಗಳ ಹೆಚ್ಚಳ ಒಂದು ಮುಖ್ಯ ಕಾರಣವೆಂದು ಭಾವಿಸಲಾಗಿದೆ. ಮೂಲಕೋಶಗಳಿಗೆ ಪೆಟ್ಟು ಬಿದ್ದರೆ ಏನಾಗುತ್ತದೆ ಎಂಬುದನ್ನು 2015ರಲ್ಲಿ ಬ್ರೆಜಿಲ್‌ನಲ್ಲಿ ಹರಡಿದ ಝೀಕಾ ವೈರಸ್ ತೋರಿಸಿತು. ಗರ್ಭಿಣಿಯಿಂದ ಭ್ರೂಣಕ್ಕೆ ದಾಟುವ ಈ ವೈರಸ್ ಈ ಮೂಲಕೋಶಗಳನ್ನೇ ಆರಿಸಿ ಕೊಲ್ಲುತ್ತದೆ. ನರಕೋಶಗಳು ಸಾಕಷ್ಟು ಹುಟ್ಟದೆ ಮಗುವಿನ ತಲೆ ಚಿಕ್ಕದಾಗಿಯೇ ಉಳಿಯುತ್ತದೆ.

ಯಾವ ಬಗೆಯ ನರಕೋಶ ಹುಟ್ಟುತ್ತದೆ ಎಂಬುದು ಹುಟ್ಟಿದ ಜಾಗವನ್ನಷ್ಟೇ ಅಲ್ಲ, ಹುಟ್ಟಿದ ಹೊತ್ತನ್ನೂ ಅವಲಂಬಿಸಿದೆ. ಹಣ್ಣುನೊಣದ ಮೂಲಕೋಶದಲ್ಲಿ ಕೆಲವು ಜೀನುಗಳು ಒಂದಾದ ಮೇಲೊಂದರಂತೆ ಗೊತ್ತಾದ ಕ್ರಮದಲ್ಲಿ ಎಚ್ಚರಗೊಳ್ಳುತ್ತವೆ. ಒಂದೊಂದು ಸರದಿಯಲ್ಲಿ ಹುಟ್ಟಿದ ಮರಿಕೋಶಕ್ಕೆ ಒಂದೊಂದು ಗುಣ. ಫೆರೆಟ್ ಪ್ರಾಣಿಯಲ್ಲಿ ಸೂಸನ್ ಮೆಕ್‌ಕಾನೆಲ್ ಮಾಡಿದ ಕಸಿ ಪ್ರಯೋಗಗಳು ಇನ್ನೊಂದು ಮುಖವನ್ನು ತೆರೆದವು: ಎಳೆಯ ಭ್ರೂಣದ ಮೂಲಕೋಶವನ್ನು ಬಲಿತ ಮಿದುಳಿಗೆ ಹಾಕಿದರೆ ಅದು ಹೊಸ ಪರಿಸರಕ್ಕೆ ಹೊಂದಿಕೊಂಡು ತಡವಾಗಿ ಹುಟ್ಟುವ ಬಗೆಯ ನರಕೋಶವನ್ನೂ ಕೊಡಬಲ್ಲದು.

ವಲಸೆ

ಹುಟ್ಟಿದ ನರಕೋಶ ಹುಟ್ಟಿದ ಜಾಗದಲ್ಲೇ ಉಳಿಯುವುದು ಅಪರೂಪ. 1970ರ ದಶಕದಲ್ಲಿ ಪಾಸ್ಕೋ ರಾಕಿಚ್ ಕೋತಿಯ ಭ್ರೂಣದ ಮಿದುಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಎಳೆಯ ನರಕೋಶಗಳು ರೇಡಿಯಲ್ ಗ್ಲಿಯಾದ ಎಳೆಗಳನ್ನು ತಬ್ಬಿ ಹೊರಮೈಯತ್ತ ಏರುವುದನ್ನು ವಿವರಿಸಿದರು. ಇದಕ್ಕೂ ಮೊದಲು, 1961ರಲ್ಲಿ, ಆಂಜೆವೈನ್ ಮತ್ತು ಸಿಡ್ಮನ್ ವಿಕಿರಣಶೀಲ ಥೈಮಿಡಿನ್‌ನಿಂದ ಕೋಶಗಳ ಹುಟ್ಟಿದ ದಿನವನ್ನು ಗುರುತು ಹಾಕಿ, ಕಾರ್ಟೆಕ್ಸ್ ಒಳಗಿನಿಂದ ಹೊರಗೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿದ್ದರು. ಮೊದಲು ಹುಟ್ಟಿದವು ಒಳಪದರದಲ್ಲಿ ನೆಲೆಸುತ್ತವೆ. ಅನಂತರ ಹುಟ್ಟಿದವು ಅವುಗಳ ನಡುವೆ ನುಸುಳಿ ಇನ್ನೂ ಮೇಲಕ್ಕೆ ಹೋಗಿ ನೆಲೆಸುತ್ತವೆ. ಈ ಕ್ರಮ ತಪ್ಪಿದ ಇಲಿಯೊಂದು 1951ರಲ್ಲಿಯೇ ಎಡಿನ್‌ಬರೋದಲ್ಲಿ ಪತ್ತೆಯಾಗಿತ್ತು. ಓಲಾಡುತ್ತ ನಡೆಯುತ್ತಿದ್ದ ಅದಕ್ಕೆ ರೀಲರ್ ಎಂಬ ಹೆಸರಿಡಲಾಯಿತು. ಅದರಲ್ಲಿ ಕೆಟ್ಟಿದ್ದ ಜೀನು 1995ರಲ್ಲಿ ಸಿಕ್ಕಿತು. ಮಿದುಳಿನ ಹೊರಮೈಯ ಕೋಶಗಳು ಸ್ರವಿಸುವ ರೀಲಿನ್ ಎಂಬ ಪ್ರೋಟೀನು ಆ ಇಲಿಗೆ ಇರಲಿಲ್ಲ, ಪದರಗಳ ಕ್ರಮ ತಲೆಕೆಳಗಾಗಿತ್ತು. ಮನುಷ್ಯರಲ್ಲಿ ವಲಸೆಗೆ ಬೇಕಾದ ಎಲ್‌ಐಎಸ್1, ಡಬಲ್‌ಕಾರ್ಟಿನ್ ಮೊದಲಾದ ಜೀನುಗಳು ಕೆಟ್ಟರೆ ಮಿದುಳಿನ ಮಡಿಕೆಗಳೇ ಮೂಡದೆ ಮೇಲ್ಮೈ ನುಣ್ಣಗೆ ಉಳಿಯುತ್ತದೆ. ಮಗುವಿಗೆ ಅಪಸ್ಮಾರ, ತೀವ್ರ ಬುದ್ಧಿಮಾಂದ್ಯ ಬರುತ್ತವೆ.

ಎಲ್ಲ ವಲಸೆಯೂ ನೇರವಾಗಿ ಮೇಲೇರುವುದಲ್ಲ. ಸಂಕೇತವನ್ನು ತಗ್ಗಿಸುವ ಪ್ರತಿಬಂಧಕ ನರಕೋಶಗಳು ಮಿದುಳಿನ ಆಳದ ಗ್ಯಾಂಗ್ಲಿಯಾನಿಕ್ ದಿಬ್ಬಗಳಲ್ಲಿ ಹುಟ್ಟಿ, ಅಡ್ಡಡ್ಡವಾಗಿ ಬಹುದೂರ ಸಾಗಿ ಕಾರ್ಟೆಕ್ಸ್ ಸೇರುತ್ತವೆ ಎಂದು 1997ರಲ್ಲಿ ಇಲಿಗಳ ಪ್ರಯೋಗದಿಂದ ಗೊತ್ತಾಯಿತು. ಪ್ರಾಯಕ್ಕೆ ಬರುವುದನ್ನು ನಿಯಂತ್ರಿಸುವ ಹಾರ್ಮೋನ್ ಸ್ರವಿಸುವ ನರಕೋಶಗಳು ಹುಟ್ಟುವುದು ಮೂಗಿನ ಭಾಗದಲ್ಲಿ; ವಾಸನೆಯ ನರಗಳ ಜೊತೆ ಸಾಗಿ ಅವು ಮಿದುಳಿನ ಹೈಪೊಥಲಾಮಸ್ ತಲಪುತ್ತವೆ. ಈ ವಲಸೆ ನಿಂತುಹೋದವರಲ್ಲಿ ವಾಸನೆಯೂ ತಿಳಿಯದ, ಪ್ರಾಯವೂ ತಾನಾಗಿ ಬಾರದ ಕಾಲ್‌ಮನ್ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಮೂಗಿಗೂ ಪ್ರಾಯಕ್ಕೂ ಇರುವ ಈ ವಿಚಿತ್ರ ನಂಟಿನ ಕಾರಣ ಭ್ರೂಣದ ಆ ಹಾದಿಯಲ್ಲಿದೆ.

ಅತಿ ದೂರ ಸಾಗುವವು ನರನಾಳದ ಅಂಚಿನಿಂದ ಬಿಡಿಸಿಕೊಂಡು ಹೊರಡುವ ನ್ಯೂರಲ್ ಕ್ರೆಸ್ಟ್ ಕೋಶಗಳು. ಫ್ರಾನ್ಸಿನ ನಿಕೋಲ್ ಲ ದುಆರಾಂ 1969ರಿಂದ ಕ್ವೇಲ್ ಹಕ್ಕಿಯ ಕೋಶಗಳನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿ ಅವುಗಳ ಜಾಡು ಹಿಡಿದರು. ಕ್ವೇಲ್ ಕೋಶಗಳ ಕೇಂದ್ರ ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿ ಕಾಣುವುದರಿಂದ ಅವು ಎಲ್ಲಿಗೆ ಹೋದವೆಂದು ತಿಳಿಯುವುದು ಸುಲಭವಾಯಿತು. ಸಂವೇದನಾ ನರಗಂಟುಗಳು, ಕರುಳಿನ ನರಜಾಲ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು, ಮುಖದ ಮೂಳೆಗಳ ಬಹುಪಾಲು ಇವೆಲ್ಲ ಅವುಗಳಿಂದಲೇ ಬರುತ್ತವೆ. ಈ ಕೋಶಗಳು ದೊಡ್ಡ ಕರುಳಿನ ತುದಿಯವರೆಗೆ ತಲಪದಿದ್ದರೆ ಆ ಭಾಗದಲ್ಲಿ ಚಲನೆಯಿಲ್ಲದೆ ಮಲ ಕಟ್ಟಿಕೊಳ್ಳುವ ಹರ್ಷ್‌ಸ್ಪ್ರುಂಗ್ ಕಾಯಿಲೆ ಹುಟ್ಟಿನಿಂದಲೇ ಬರುತ್ತದೆ.

ಆಕ್ಸಾನಿನ ಹಾದಿ

ನೆಲೆಗೊಂಡ ನರಕೋಶ ಒಂದು ಕಡೆ ಸಂಕೇತ ಪಡೆಯುವ ಡೆಂಡ್ರೈಟುಗಳನ್ನೂ ಇನ್ನೊಂದು ಕಡೆ ಸಂಕೇತ ಕಳಿಸುವ ಉದ್ದನೆಯ ಆಕ್ಸಾನನ್ನೂ ಚಾಚುತ್ತದೆ. 1890ರಲ್ಲಿ ಸ್ಪೇನಿನ ಸಾಂಟಿಯಾಗೊ ರಾಮೊನ್ ಇ ಕಹಾಲ್ ಕೋಳಿಯ ಭ್ರೂಣದಲ್ಲಿ ಆಕ್ಸಾನಿನ ತುದಿ ಹಿಗ್ಗಿ ಹರಡಿದ್ದನ್ನು ಕಂಡು, ಬೆಳವಣಿಗೆ ನಡೆಯುವುದು ಅಲ್ಲೇ ಎಂದು ಊಹಿಸಿದರು. ಅವರ ಕಣ್ಣಮುಂದಿದ್ದದ್ದು ಸತ್ತ, ಬಣ್ಣ ಹಾಕಿದ ಅಂಗಾಂಶ. ಅಮೆರಿಕದ ರಾಸ್ ಹ್ಯಾರಿಸನ್ 1907ರಲ್ಲಿ ಕಪ್ಪೆಯ ನರನಾಳದ ಚೂರನ್ನು ದುಗ್ಧರಸದ ಹನಿಯಲ್ಲಿಟ್ಟು, ಜೀವಂತ ಕೋಶದಿಂದ ಆಕ್ಸಾನ್ ಹೊರಟು ಬೆಳೆಯುವುದನ್ನು ಕಣ್ಣಾರೆ ನೋಡಿದರು. ನರತಂತು ಹಲವು ಕೋಶಗಳು ಕೂಡಿ ಆದದ್ದೋ ಒಂದೇ ಕೋಶ ಚಾಚಿದ್ದೋ ಎಂಬ ವಾದಕ್ಕೆ ಅಲ್ಲಿಗೆ ತೆರೆ ಬಿತ್ತು. ಪ್ರಾಣಿಗಳ ಅಂಗಾಂಶವನ್ನು ದೇಹದ ಹೊರಗೆ ಬೆಳೆಸುವ ವಿಧಾನಕ್ಕೂ ಅದೇ ಆರಂಭವಾಯಿತು.

ಆಕ್ಸಾನಿನ ಈ ಬೆಳೆತುದಿ ಆಸರೆ ಹುಡುಕುವ ಬಳ್ಳಿಯ ಕುಡಿಯಂತೆ ಸುತ್ತಲೂ ಸಣ್ಣ ಎಳೆಗಳನ್ನು ಚಾಚುತ್ತ, ಹಿಂತೆಗೆಯುತ್ತ ಸಾಗುತ್ತದೆ. ಎಳೆಗಳೊಳಗೆ ಆಕ್ಟಿನ್ ತಂತುಗಳು ಕ್ಷಣಕ್ಷಣಕ್ಕೂ ಕಟ್ಟಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಇರುತ್ತವೆ. ಅನುಕೂಲವಾದ ಸುಳಿವು ಸಿಕ್ಕ ಕಡೆ ಅವು ಗಟ್ಟಿಯಾಗಿ ಆಕ್ಸಾನು ಅತ್ತ ತಿರುಗುತ್ತದೆ. ಪ್ರತಿಕೂಲ ಸುಳಿವು ತಾಗಿದರೆ ಕುಸಿದು ಬೇರೆ ದಿಕ್ಕು ಹಿಡಿಯುತ್ತದೆ.

ಸುಳಿವುಗಳು ರಾಸಾಯನಿಕ ಸ್ವರೂಪದವು ಎಂದು ಬಲವಾಗಿ ವಾದಿಸಿದವರು ರೋಜರ್ ಸ್ಪೆರಿ. 1940ರ ದಶಕದಲ್ಲಿ ಅವರು ಕಪ್ಪೆಯ ದೃಷ್ಟಿನರವನ್ನು ಕತ್ತರಿಸಿ ಕಣ್ಣನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರು. ನರ ಮತ್ತೆ ಬೆಳೆಯಿತು, ಕಪ್ಪೆಗೆ ಕಣ್ಣು ಕಂಡಿತು, ಆದರೆ ಜಗತ್ತು ತಲೆಕೆಳಗಾಗಿ. ಮೇಲಿದ್ದ ನೊಣಕ್ಕೆ ಅದು ಕೆಳಗೆ ನಾಲಿಗೆ ಚಾಚುತ್ತಿತ್ತು. ಎಷ್ಟು ಕಾಲವಾದರೂ ಆ ತಪ್ಪು ತಿದ್ದಿಕೊಳ್ಳಲಿಲ್ಲ. ಕಣ್ಣಿನ ಒಂದೊಂದು ಭಾಗದ ಆಕ್ಸಾನೂ ಅಭ್ಯಾಸದಿಂದಲ್ಲ, ತನ್ನ ಹಳೆಯ ಗುರಿಯ ಗುರುತು ಹಿಡಿದೇ ಮಿದುಳಿಗೆ ಮರಳಿತ್ತು. ಪ್ರತಿ ಕೋಶಕ್ಕೂ ಒಂದು ರಾಸಾಯನಿಕ ಗುರುತಿದೆ ಎಂದು ಸ್ಪೆರಿ 1963ರಲ್ಲಿ ಬರೆದರು. ಆ ಗುರುತು ಏರಿಳಿಯುವ ಸಾಂದ್ರತೆಯ ರೂಪದಲ್ಲಿರಬಹುದು ಎಂದೂ ಸೂಚಿಸಿದ್ದರು. 1995ರಲ್ಲಿ ಎಫ್ರಿನ್ ಎಂಬ ಪ್ರೋಟೀನುಗಳು ಸಿಕ್ಕಾಗ ಆ ಸೂಚನೆ ಬಹುಮಟ್ಟಿಗೆ ನಿಜವಾಯಿತು. ಗುರಿಯ ಪ್ರದೇಶದಲ್ಲಿ ಎಫ್ರಿನ್ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಕಣ್ಣಿನ ಆಕ್ಸಾನುಗಳ ಮೇಲೆ ಅದಕ್ಕೆ ಸ್ಪಂದಿಸುವ ಗ್ರಾಹಕವೂ ಹಾಗೆಯೇ ಏರಿಳಿಯುತ್ತದೆ. ಗ್ರಾಹಕ ಹೆಚ್ಚಿರುವ ಆಕ್ಸಾನು ಎಫ್ರಿನ್ ಹೆಚ್ಚಿರುವ ಕಡೆಯಿಂದ ದೂರ ಉಳಿಯುತ್ತದೆ. ಲಕ್ಷಾಂತರ ಆಕ್ಸಾನುಗಳಿಗೆ ಲಕ್ಷಾಂತರ ಗುರುತುಗಳು ಬೇಕಾಗಲಿಲ್ಲ, ಎರಡು ಇಳಿಜಾರುಗಳೇ ಸಾಕಾದವು.

ಅತಿ ವಿವರವಾಗಿ ಅಧ್ಯಯನವಾದ ಹಾದಿ ಬೆನ್ನುಹುರಿಯ ನಡುಗೆರೆಯನ್ನು ದಾಟುವುದು. ದೇಹದ ಎಡ ಬಲಗಳು ಕೂಡಿ ಕೆಲಸ ಮಾಡಬೇಕಾದರೆ ಅನೇಕ ಆಕ್ಸಾನುಗಳು ಈ ಗೆರೆಯನ್ನು ದಾಟಬೇಕು, ಅದೂ ಒಮ್ಮೆ ಮಾತ್ರ. 1994ರಲ್ಲಿ ಮಾರ್ಕ್ ಟೆಸಿಯೆ-ಲವೀನ್ ಅವರ ತಂಡ ಸಾವಿರಾರು ಕೋಳಿಭ್ರೂಣಗಳ ಮಿದುಳುಗಳಿಂದ ಈ ಆಕ್ಸಾನುಗಳನ್ನು ಸೆಳೆಯುವ ನೆಟ್ರಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿತು. ಸೂಕ್ಷ್ಮಹುಳು ಸಿ. ಎಲಿಗನ್ಸ್‌ನಲ್ಲಿ ಅದಾಗಲೇ ತಿಳಿದಿದ್ದ ಯುಎನ್‌ಸಿ-6 ಜೀನಿನ ಪ್ರೋಟೀನೂ ಅದೇ ಕುಟುಂಬದ್ದೆಂದು ಗೊತ್ತಾದಾಗ ಕೋಟ್ಯಂತರ ವರ್ಷಗಳ ವಿಕಾಸದಲ್ಲಿ ಈ ಏರ್ಪಾಡು ಬದಲಾಗಿಲ್ಲವೆಂಬುದು ಸ್ಪಷ್ಟವಾಯಿತು. ಹಾಗಿದ್ದರೆ ನಡುಗೆರೆಗೆ ಬಂದ ಆಕ್ಸಾನು ಅಲ್ಲೇ ಏಕೆ ನಿಲ್ಲುವುದಿಲ್ಲ? ಉತ್ತರ ಹಣ್ಣುನೊಣದಿಂದ ಬಂತು. ನಡುಗೆರೆಯ ಕೋಶಗಳು ಸ್ಲಿಟ್ ಎಂಬ ವಿಕರ್ಷಕವನ್ನೂ ಸ್ರವಿಸುತ್ತವೆ. ಅದನ್ನು ಗ್ರಹಿಸುವ ರೋಬೊ ಎಂಬ ಗ್ರಾಹಕ ದಾಟುವವರೆಗೆ ಆಕ್ಸಾನಿನ ಮೈಮೇಲೆ ಬಾರದಂತೆ ತಡೆಹಿಡಿಯಲ್ಪಟ್ಟಿರುತ್ತದೆ. ದಾಟಿದ ಮೇಲೆ ರೋಬೊ ಮೇಲೆ ಬರುತ್ತದೆ, ಮರಳಿ ದಾಟಲು ಸ್ಲಿಟ್ ಬಿಡುವುದಿಲ್ಲ. ರೋಬೊ ಕೆಟ್ಟ ನೊಣಗಳಲ್ಲಿ ಆಕ್ಸಾನುಗಳು ಗೆರೆಯನ್ನು ಮತ್ತೆ ಮತ್ತೆ ದಾಟಿ ಸುತ್ತುಹಾಕುತ್ತವೆ. ಮನುಷ್ಯರಲ್ಲಿ ರೋಬೊ3 ಜೀನು ಕೆಟ್ಟವರು ಕಣ್ಣನ್ನು ಅಕ್ಕಪಕ್ಕ ಹೊರಳಿಸಲಾರರು. ಅವರ ಬೆನ್ನುಮೂಳೆಯೂ ಬಾಗುತ್ತ ಹೋಗುತ್ತದೆ.

ಈ ಕಥೆಯ ಒಂದು ಭಾಗ ಈಚೆಗೆ ತಿದ್ದುಪಡಿಯಾಗಿದೆ. ನಡುಗೆರೆಯ ತಳದಿಂದ ಹರಡುವ ನೆಟ್ರಿನ್ ದೂರದಿಂದಲೇ ಆಕ್ಸಾನನ್ನು ಸೆಳೆಯುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 2017ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ತಳದ ನೆಟ್ರಿನ್ ಅನ್ನು ಮಾತ್ರ ತೆಗೆದುಹಾಕಿದಾಗ ಆಕ್ಸಾನುಗಳು ಬಹುಮಟ್ಟಿಗೆ ಸರಿಯಾಗಿಯೇ ದಾಟಿದವು. ಹಾದಿಯುದ್ದಕ್ಕೂ ಮೂಲಕೋಶಗಳು ಒದಗಿಸುವ ನೆಟ್ರಿನ್ ಹತ್ತಿರದಿಂದಲೇ ದಾರಿ ತೋರುತ್ತದೆಂದು ತಿಳಿಯಿತು. ಸುಳಿವಿನ ಅರ್ಥವೂ ಸ್ಥಿರವಲ್ಲ. ಕೋಶದೊಳಗಿನ ಸೈಕ್ಲಿಕ್ ಎಎಂಪಿ ಪ್ರಮಾಣ ತಗ್ಗಿದರೆ ಸೆಳೆಯುತ್ತಿದ್ದ ನೆಟ್ರಿನ್ನೇ ದೂಡತೊಡಗುತ್ತದೆ. ನೆಟ್ರಿನ್, ಸ್ಲಿಟ್, ಎಫ್ರಿನ್, ಸೆಮಫೋರಿನ್ ಎಂಬ ನಾಲ್ಕು ಕುಟುಂಬಗಳ ಕೆಲವೇ ಪ್ರೋಟೀನುಗಳು ಇಷ್ಟೊಂದು ಹಾದಿಗಳಿಗೆ ಸಾಕಾಗುವುದು ಇಂಥ ಮರುಬಳಕೆಯಿಂದ.

ಉಳಿವಿಗಾಗಿ ಪೈಪೋಟಿ

ಗುರಿ ತಲಪಿದ ನರಕೋಶಗಳೆಲ್ಲ ಬದುಕುವುದಿಲ್ಲ. 1934ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಕೋಳಿಭ್ರೂಣದ ರೆಕ್ಕೆಯ ಮೊಗ್ಗನ್ನು ಕತ್ತರಿಸಿದಾಗ ಅದಕ್ಕೆ ಸಂಬಂಧಿಸಿದ ಬೆನ್ನುಹುರಿಯ ನರಕೋಶಗಳು ಕಡಿಮೆಯಾಗಿದ್ದವು. ಅವು ಹುಟ್ಟಲೇ ಇಲ್ಲವೆಂದು ಅವರು ಭಾವಿಸಿದರು. ಮುಸೊಲಿನಿಯ ಜನಾಂಗೀಯ ಕಾನೂನುಗಳಿಂದ ವಿಶ್ವವಿದ್ಯಾಲಯದಿಂದ ಹೊರಬಿದ್ದಿದ್ದ ರೀಟಾ ಲೆವಿ-ಮೊಂಟಾಲ್ಚಿನಿ ಟ್ಯೂರಿನ್‌ನ ತಮ್ಮ ಮಲಗುವ ಕೋಣೆಯಲ್ಲಿ ಇದೇ ಪ್ರಯೋಗವನ್ನು ಮಾಡಿ ಬೇರೆ ತೀರ್ಮಾನಕ್ಕೆ ಬಂದರು: ಅವು ಹುಟ್ಟಿ ಬೆಳೆದಿದ್ದವು, ಗುರಿಯಿಲ್ಲದೆ ಸತ್ತಿದ್ದವು. ಯುದ್ಧ ಮುಗಿದ ಮೇಲೆ 1947ರಲ್ಲಿ ಹ್ಯಾಂಬರ್ಗರ್ ಲೆವಿ-ಮೊಂಟಾಲ್ಚಿನಿಯವರನ್ನು ಅಮೆರಿಕದ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಇಲಿಯ ಗಡ್ಡೆಯೊಂದನ್ನು ಕೋಳಿಭ್ರೂಣಕ್ಕೆ ಕಸಿ ಮಾಡಿದಾಗ ನರಗಳು ಅದರತ್ತ ಹೇರಳವಾಗಿ ಬೆಳೆಯುತ್ತಿದ್ದುದು ಸುಳಿವು ಕೊಟ್ಟಿತು. ಸ್ಟ್ಯಾನ್ಲಿ ಕೋಹನ್ ಆ ಗಡ್ಡೆಯ ಸಾರವನ್ನು ಶುದ್ಧೀಕರಿಸಲು ಹಾವಿನ ವಿಷವನ್ನು ಬಳಸಿದಾಗ ವಿಷದಲ್ಲೇ ಆ ವಸ್ತು ಹೆಚ್ಚಿರುವುದು ತಿಳಿಯಿತು. ಅಲ್ಲಿಂದ ಇಲಿಯ ಜೊಲ್ಲುಗ್ರಂಥಿಗೆ ಹೋಗಿ ನರ ಬೆಳವಣಿಗೆಯ ಅಂಶ, ಅಂದರೆ ಎನ್‌ಜಿಎಫ್, ಸಿಕ್ಕಿತು. 1986ರ ನೋಬೆಲ್ ಲೆವಿ-ಮೊಂಟಾಲ್ಚಿನಿ ಮತ್ತು ಕೋಹನ್ ಅವರಿಗೆ ಬಂತು. ಹ್ಯಾಂಬರ್ಗರ್ ಹೆಸರು ಅದರಲ್ಲಿರಲಿಲ್ಲ.

ಗುರಿಯ ಅಂಗಾಂಶ ಇಂಥ ಪೋಷಕಗಳನ್ನು ಮಿತವಾಗಿ ಸ್ರವಿಸುತ್ತದೆ. ಸಾಕಷ್ಟು ದಕ್ಕಿಸಿಕೊಂಡ ನರಕೋಶ ಬದುಕುತ್ತದೆ, ಉಳಿದದ್ದು ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಕೋಳಿಯ ಬೆನ್ನುಹುರಿಯಲ್ಲಿ ಹುಟ್ಟಿದ ಚಾಲಕ ನರಕೋಶಗಳಲ್ಲಿ ಹೆಚ್ಚು ಕಡಿಮೆ ಅರ್ಧ ಹೀಗೆ ಸಾಯುತ್ತವೆ. ಎಷ್ಟು ಸ್ನಾಯುವಿಗೆ ಎಷ್ಟು ನರಕೋಶ ಬೇಕೆಂದು ಮೊದಲೇ ಎಣಿಸಿಡುವ ಅಗತ್ಯ ಇದರಿಂದ ತಪ್ಪುತ್ತದೆ. ಸಿ. ಎಲಿಗನ್ಸ್‌ನಲ್ಲಿ ಮಾತ್ರ ಈ ಸಾವು ಪೈಪೋಟಿಯ ಫಲವಲ್ಲ, ವಂಶಾವಳಿಯಲ್ಲೇ ಬರೆದದ್ದು: ಬೆಳೆಯುವಾಗ ಹುಟ್ಟುವ 1,090 ದೇಹಕೋಶಗಳಲ್ಲಿ 131 ಪ್ರತಿ ಹುಳುವಿನಲ್ಲೂ ತಪ್ಪದೆ ಸಾಯುತ್ತವೆ, ಅವುಗಳಲ್ಲಿ ಬಹುಪಾಲು ನರವಾಗಬೇಕಿದ್ದವು. ಈ ಸಾವನ್ನು ಜೀನುಗಳು ನಿಯಂತ್ರಿಸುವ ಬಗೆಯನ್ನು ಈ ಹುಳುವಿನ ಅಧ್ಯಯನದಿಂದ ಬಿಡಿಸಿ ತೋರಿಸಿದ್ದಕ್ಕೆ ಬ್ರೆನರ್, ಹಾರ್ವಿಟ್ಸ್, ಸಲ್ಸ್ಟನ್ 2002ರ ನೋಬೆಲ್ ಪಡೆದರು.

ನರಸಂಧಿ

ಆಕ್ಸಾನು ಗುರಿಯ ಕೋಶವನ್ನು ಮುಟ್ಟಿದ ಮೇಲೆ ನರಸಂಧಿ, ಅಂದರೆ ಸಿನಾಪ್ಸ್, ಕಟ್ಟಿಕೊಳ್ಳುತ್ತದೆ. ನರ ಮತ್ತು ಸ್ನಾಯು ಸೇರುವೆಡೆಯಲ್ಲಿ ಇದರ ಕ್ರಮ ಚೆನ್ನಾಗಿ ತಿಳಿದಿದೆ. ನರದ ತುದಿ ಅಗ್ರಿನ್ ಎಂಬ ಪ್ರೋಟೀನನ್ನು ಬಿಡುತ್ತದೆ; ಸ್ನಾಯುವಿನ ಮೈಮೇಲಿನ ಎಲ್‌ಆರ್‌ಪಿ4 ಮತ್ತು ಮಸ್ಕ್ ಎಂಬ ಪ್ರೋಟೀನುಗಳು ಅದನ್ನು ಗ್ರಹಿಸಿ, ಚದುರಿದ್ದ ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ನರದ ತುದಿಯ ಕೆಳಗೆ ಒಟ್ಟುಗೂಡಿಸುತ್ತವೆ. ಮಿದುಳಿನಲ್ಲಿ ನ್ಯೂರೆಕ್ಸಿನ್ ಮತ್ತು ನ್ಯೂರೊಲಿಗಿನ್ ಎಂಬ ಜೋಡಿಗಳು ಸಂಧಿಯ ಎರಡು ದಡಗಳಿಂದ ಒಂದನ್ನೊಂದು ಹಿಡಿಯುತ್ತವೆ. ನರಕೋಶವಲ್ಲದ ಸಾಮಾನ್ಯ ಕೋಶಕ್ಕೆ ನ್ಯೂರೊಲಿಗಿನ್ ಕೊಟ್ಟರೂ ಅದನ್ನು ಮುಟ್ಟಿದ ಆಕ್ಸಾನು ಸಂಧಿಯ ತನ್ನ ಕಡೆಯ ಅರ್ಧವನ್ನು ಕಟ್ಟಿಕೊಳ್ಳುತ್ತದೆ ಎಂದು 2000ದಲ್ಲಿ ತೋರಿಸಲಾಯಿತು. ನರಕೋಶಗಳ ನಡುವಿನ ಆಸ್ಟ್ರೊಸೈಟುಗಳು ಸ್ರವಿಸುವ ಪ್ರೋಟೀನುಗಳಿಲ್ಲದೆ ಸಂಧಿಗಳು ಸಾಕಷ್ಟು ಮೂಡುವುದಿಲ್ಲ ಎಂಬುದೂ ತಿಳಿದಿದೆ.

ತನ್ನದೇ ರೆಂಬೆಗೆ ತಾನೇ ಸಂಧಿ ಕಟ್ಟಿಕೊಳ್ಳದಿರುವುದೂ ಅಷ್ಟೇ ಮುಖ್ಯ. ಹಣ್ಣುನೊಣದಲ್ಲಿ ಡಿಸ್ಕ್ಯಾಮ್1 ಎಂಬ ಒಂದೇ ಜೀನು ತನ್ನ ತುಣುಕುಗಳನ್ನು ಬೇರೆ ಬೇರೆಯಾಗಿ ಜೋಡಿಸಿ 38,016 ರೂಪಗಳ ಪ್ರೋಟೀನು ಕೊಡಬಲ್ಲದು. ಒಂದೊಂದು ನರಕೋಶಕ್ಕೂ ತನ್ನದೇ ಆದ ಕೆಲವು ರೂಪಗಳ ಕಟ್ಟು ದೊರೆಯುತ್ತದೆ. ಅದೇ ಕಟ್ಟು ಎದುರಾದರೆ ಅದು ತನ್ನದೇ ರೆಂಬೆಯೆಂದು ತಿಳಿದು ದೂರ ಸರಿಯುತ್ತದೆ. ಬೆನ್ನುಮೂಳೆಯುಳ್ಳ ಪ್ರಾಣಿಗಳಲ್ಲಿ ಪ್ರೋಟೊಕ್ಯಾಡ್‌ಹೆರಿನ್ ಕುಟುಂಬದ ಹತ್ತಾರು ಜೀನುಗಳು ಈ ಕೆಲಸ ಮಾಡುತ್ತವೆ. ಗುರಿಯ ಆಯ್ಕೆಗೆ ಒಳ್ಳೆಯ ಉದಾಹರಣೆ ವಾಸನೆಯ ಜಾಲ. ನೊಣದಲ್ಲೂ ಇಲಿಯಲ್ಲೂ ಒಂದೇ ಗ್ರಾಹಕವುಳ್ಳ ಕೋಶಗಳ ಆಕ್ಸಾನುಗಳು ಎಲ್ಲಿಂದ ಹೊರಟರೂ ಮಿದುಳಿನ ಒಂದೇ ಗುಂಡು ಗುಂಪಿಗೆ ಬಂದು ಸೇರುತ್ತವೆ. ಇಲಿಯಲ್ಲಿ ವಾಸನೆ ಹಿಡಿಯುವ ಗ್ರಾಹಕವೇ ಈ ದಾರಿ ಹುಡುಕಲು ನೆರವಾಗುತ್ತದೆ; ನೊಣದಲ್ಲಿ ಹಾಗಿಲ್ಲ, ಅಲ್ಲಿ ಬೇರೆ ಗುರುತುಗಳು ಕೆಲಸ ಮಾಡುತ್ತವೆ. ನೊಣದ ಈ ಜಾಲ ಬೆಳೆಯುವ ಬಗೆಯನ್ನು ತಿಳಿಸುವಲ್ಲಿ ಮುಂಬೈನ ಟಾಟಾ ಸಂಸ್ಥೆ ಮತ್ತು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರಗಳಲ್ಲಿ ದುಡಿದ ವೆರೋನಿಕಾ ರಾಡ್ರಿಗಸ್ ಅವರ ಪಾಲು ದೊಡ್ಡದು.

ಚಟುವಟಿಕೆ ಮತ್ತು ಅನುಭವ

ರಾಸಾಯನಿಕ ಸುಳಿವುಗಳು ಕಟ್ಟುವುದು ಒರಟು ಜಾಲ. ಅದನ್ನು ನಯಗೊಳಿಸುವುದು ಜಾಲದೊಳಗೆ ಓಡಾಡುವ ವಿದ್ಯುತ್ ಸಂಕೇತಗಳು. ಆಗಷ್ಟೇ ಹುಟ್ಟಿದ ಇಲಿಮರಿಯಲ್ಲಿ ಒಂದು ಸ್ನಾಯುತಂತುವಿಗೆ ಹಲವು ನರಕೋಶಗಳು ಸಂಧಿ ಮಾಡಿರುತ್ತವೆ. ಕೆಲವೇ ವಾರಗಳಲ್ಲಿ ಒಂದನ್ನುಳಿದು ಮಿಕ್ಕವು ಹಿಂದೆ ಸರಿಯುತ್ತವೆ. ಒಟ್ಟಿಗೆ ಮಿಡಿಯುವ ಸಂಧಿಗಳು ಗಟ್ಟಿಯಾಗುತ್ತವೆ, ಹೊಂದಾಣಿಕೆಯಿಲ್ಲದವು ಸಡಿಲವಾಗುತ್ತವೆ ಎಂಬ ತತ್ವಕ್ಕೆ 1949ರಲ್ಲಿ ಡೊನಾಲ್ಡ್ ಹೆಬ್ ಮಂಡಿಸಿದ ವಿಚಾರವೇ ಮೂಲ. ಈ ಚಟುವಟಿಕೆ ಹೊರಜಗತ್ತಿನಿಂದಲೇ ಬರಬೇಕೆಂದಿಲ್ಲ. ಕಣ್ಣು ತೆರೆಯುವ ಮುನ್ನವೇ ಅಕ್ಷಿಪಟಲದ ಕೋಶಗಳು ಅಲೆಯಲೆಯಾಗಿ ತಾವಾಗಿಯೇ ಮಿಡಿಯುತ್ತವೆ ಎಂಬುದು 1988 ಮತ್ತು 1991ರ ಪ್ರಯೋಗಗಳಿಂದ ಗೊತ್ತಾಯಿತು. ನೆರೆಹೊರೆಯ ಕೋಶಗಳು ಒಟ್ಟಿಗೆ ಮಿಡಿಯುವುದರಿಂದ ಅವುಗಳ ಆಕ್ಸಾನುಗಳು ಮಿದುಳಿನಲ್ಲೂ ನೆರೆಹೊರೆಯಾಗಿ ನೆಲೆಸುತ್ತವೆ.

ಕಣ್ಣು ತೆರೆದ ಮೇಲಿನ ಹಂತವನ್ನು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1963ರಲ್ಲಿ ಬೆಳಕಿಗೆ ತಂದರು. ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟು ತೆರೆದರೆ, ಕಣ್ಣು ಚೆನ್ನಾಗಿದ್ದರೂ ಕಾರ್ಟೆಕ್ಸ್‌ನ ಕೋಶಗಳು ಅದಕ್ಕೆ ಸ್ಪಂದಿಸುವುದನ್ನೇ ಬಹುತೇಕ ನಿಲ್ಲಿಸಿರುತ್ತವೆ. ತೆರೆದಿದ್ದ ಕಣ್ಣು ಆ ಜಾಗವನ್ನು ಆಕ್ರಮಿಸಿರುತ್ತದೆ. ಬೆಳೆದ ಬೆಕ್ಕಿನಲ್ಲಿ ಹಾಗೆ ಮುಚ್ಚಿದರೆ ಅಂಥ ಪರಿಣಾಮವಿಲ್ಲ. ಅನುಭವ ಜಾಲವನ್ನು ತಿದ್ದುವ ಈ ನಿರ್ಣಾಯಕ ಅವಧಿಯ ಅರಿವಿನಿಂದಲೇ ಮಕ್ಕಳ ಹುಟ್ಟುಪೊರೆಯನ್ನು ಬೇಗ ತೆಗೆಯುವುದು, ಮಂಕಾದ ಕಣ್ಣಿಗೆ ಕೆಲಸ ಕೊಡಲು ಚೆನ್ನಾಗಿರುವ ಕಣ್ಣನ್ನು ಮುಚ್ಚುವುದು ರೂಢಿಗೆ ಬಂದವು. ಈ ಅವಧಿಯ ಬಾಗಿಲು ಪೂರ್ತಿ ಮುಚ್ಚುತ್ತದೆಯೇ ಎಂಬ ಪ್ರಶ್ನೆಗೆ ಭಾರತದಲ್ಲಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಉತ್ತರ ಹುಡುಕಿದೆ. ಹುಟ್ಟುಪೊರೆಯಿಂದ ವರ್ಷಗಟ್ಟಲೆ ಕುರುಡಾಗಿದ್ದು ಶಸ್ತ್ರಚಿಕಿತ್ಸೆಯಿಂದ ಕಣ್ಣು ಬಂದ ಮಕ್ಕಳು, ಕೈಯಲ್ಲಿ ಮುಟ್ಟಿ ತಿಳಿದಿದ್ದ ವಸ್ತುವನ್ನು ಮೊದಲಿಗೆ ನೋಟದಿಂದ ಗುರುತಿಸಲಾರದೆ ಹೋದರು. ದಿನಗಳು ಕಳೆದಂತೆ ಗುರುತಿಸಬಲ್ಲವರಾದರು. ನೋಟದ ಸೂಕ್ಷ್ಮತೆ ಪೂರ್ತಿ ಮರಳದಿದ್ದರೂ ಕಲಿಯುವ ಶಕ್ತಿ ಉಳಿದಿತ್ತು.

ಸಲ್ಲದ ಸಂಧಿಗಳ ಕತ್ತರಿಕೆ ಬಾಲ್ಯದುದ್ದಕ್ಕೂ ನಡೆಯುತ್ತದೆ. ಪೀಟರ್ ಹಟ್ಟನ್‌ಲೋಕರ್ 1979ರಲ್ಲಿ ತೋರಿಸಿದಂತೆ ಮನುಷ್ಯನ ಮುಂಮಿದುಳಿನ ಕಾರ್ಟೆಕ್ಸ್‌ನಲ್ಲಿ ಸಂಧಿಗಳ ದಟ್ಟಣೆ ಒಂದೆರಡು ವರ್ಷದ ಮಗುವಿನಲ್ಲಿ ಶಿಖರ ಮುಟ್ಟಿ, ಹದಿಹರೆಯದವರೆಗೆ ಇಳಿಯುತ್ತ ಬರುತ್ತದೆ. ಕತ್ತರಿಸುವ ಕೆಲಸದಲ್ಲಿ ಮಿದುಳಿನ ರಕ್ಷಕ ಕೋಶಗಳಾದ ಮೈಕ್ರೊಗ್ಲಿಯಾ ಪಾಲ್ಗೊಳ್ಳುತ್ತವೆ. ಸೋಂಕಿನ ವಿರುದ್ಧ ಹೋರಾಡುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಸಂಧಿಗಳಿಗೆ ಅಂಟಿದಾಗ ಅವು ಆ ಸಂಧಿಗಳನ್ನು ನುಂಗುತ್ತವೆ. ಈ ಗುಂಪಿನ ಸಿ4 ಜೀನಿನ ಕೆಲವು ರೂಪಗಳು ಸ್ಕಿಜೋಫ್ರೇನಿಯಾದ ಅಪಾಯವನ್ನು ಹೆಚ್ಚಿಸುತ್ತವೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹದಿಹರೆಯದಲ್ಲಿ ಕತ್ತರಿಕೆ ಅತಿಯಾಗುವುದು ಆ ಕಾಯಿಲೆಯ ಒಂದು ಕಾರಣವಿರಬಹುದೆಂಬ ಹಳೆಯ ಊಹೆಗೆ ಇದರಿಂದ ಬಲ ಬಂದಿದೆ.

ಬೆಳವಣಿಗೆಯ ಕೊನೆ ಮತ್ತು ಅಧ್ಯಯನದ ಈಗಿನ ನೆಲೆ

ಆಕ್ಸಾನುಗಳ ಸುತ್ತ ಮಯಲಿನ್ ಹೊದಿಕೆ ಕೂಡುವುದು ಕೊನೆಯ ಹಂತ. ಇದು ಹುಟ್ಟುವ ಮೊದಲು ಆರಂಭವಾಗಿ ಮುಂಮಿದುಳಿನಲ್ಲಿ ಇಪ್ಪತ್ತರ ಹರೆಯ ದಾಟುವವರೆಗೂ ನಡೆಯುತ್ತದೆ. ಜಾಲ ಸ್ಥಿರವಾದ ಮೇಲೆ ಬೆಳೆಯುವ ಸಾಮರ್ಥ್ಯ ಕುಗ್ಗುತ್ತದೆ: ಮಯಲಿನ್‌ನಲ್ಲಿರುವ ನೋಗೊದಂಥ ಪ್ರೋಟೀನುಗಳು ಹೊಸ ಆಕ್ಸಾನುಗಳನ್ನು ತಡೆಯುತ್ತವೆ, ಬೆನ್ನುಹುರಿ ತುಂಡಾದವರು ಚೇತರಿಸಿಕೊಳ್ಳದಿರಲು ಇದೂ ಒಂದು ಕಾರಣ. ವಯಸ್ಕರ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆಯೇ ಎಂಬುದು ಇನ್ನೂ ವಿವಾದದಲ್ಲಿದೆ. ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹುಟ್ಟುವುದು ಖಚಿತ. ಮನುಷ್ಯರಲ್ಲೂ ಉಂಟೆಂದು 1998ರ ಅಧ್ಯಯನ ಹೇಳಿತ್ತು. 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಬಂದ ಎರಡು ಪ್ರಬಂಧಗಳಲ್ಲಿ ಒಂದು ಇಲ್ಲವೆಂದಿತು, ಇನ್ನೊಂದು ಉಂಟೆಂದಿತು.

ಮಾನವ ಭ್ರೂಣದ ಮಿದುಳನ್ನು ನೇರವಾಗಿ ನೋಡುವುದು ಕಷ್ಟವಾದ್ದರಿಂದ ಎರಡು ಹೊಸ ದಾರಿಗಳು ತೆರೆದಿವೆ. 2013ರಲ್ಲಿ ಮ್ಯಾಡ್ಲಿನ್ ಲ್ಯಾಂಕಾಸ್ಟರ್ ಮತ್ತು ಯುರ್ಗೆನ್ ನೋಬ್ಲಿಕ್ ವಿಯೆನ್ನಾದಲ್ಲಿ ಮಾನವ ಕಾಂಡಕೋಶಗಳಿಂದ ಬೆಳೆಸಿದ ಮಿದುಳಿನ ಕಿರುಗೋಳಗಳು ಮೊದಲ ಕೆಲವು ತಿಂಗಳ ಹಂತಗಳನ್ನು ಗಾಜಿನ ಪಾತ್ರೆಯಲ್ಲಿ ಅನುಕರಿಸುತ್ತವೆ. ಇನ್ನೊಂದು, ಭ್ರೂಣದ ಮಿದುಳಿನ ಸಮಗ್ರ ನಕ್ಷೆಗಳು. ಮದ್ರಾಸಿನ ಐಐಟಿಯ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರ 2024ರಲ್ಲಿ ಬಿಡುಗಡೆ ಮಾಡಿದ ಧರಣಿ ಎಂಬ ನಕ್ಷೆ ಗರ್ಭದ ಎರಡನೆಯ ತ್ರೈಮಾಸಿಕದ ಮಿದುಳುಗಳನ್ನು ಸಾವಿರಾರು ತೆಳು ಸೀಳುಗಳಲ್ಲಿ ಕೋಶಮಟ್ಟದವರೆಗೆ ತೋರಿಸುತ್ತದೆ.

ಪೂರ್ಣ ಜಾಲದ ನಕ್ಷೆ ಸಿ. ಎಲಿಗನ್ಸ್‌ಗೆ 1986ರಲ್ಲಿ ದೊರೆಯಿತು: 302 ನರಕೋಶಗಳು, ಕೆಲವು ಸಾವಿರ ಸಂಧಿಗಳು. ವಯಸ್ಕ ಹಣ್ಣುನೊಣದ ಮಿದುಳಿನ ಸುಮಾರು 1,39,000 ನರಕೋಶಗಳ ನಕ್ಷೆ 2024ರಲ್ಲಿ ಪೂರ್ಣಗೊಂಡಿತು. ಬೆಳವಣಿಗೆಯನ್ನು ಅರಿಯಲು ಇಂಥ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕಾಗುತ್ತದೆ. ಬೇರೆ ಬೇರೆ ವಯಸ್ಸಿನ ಎಂಟು ಸಿ. ಎಲಿಗನ್ಸ್ ಹುಳುಗಳ ಮಿದುಳುಗಳನ್ನು ಹೀಗೆ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎಂಟರ ಜೀನುಗಳೂ ಒಂದೇ, ಕೋಶಗಳ ವಂಶಾವಳಿಯೂ ಒಂದೇ. ಗಟ್ಟಿ ಸಂಪರ್ಕಗಳು ಎಲ್ಲದರಲ್ಲೂ ಸಮಾನವಾಗಿದ್ದವು, ಆದರೂ ದುರ್ಬಲ ಸಂಪರ್ಕಗಳಲ್ಲಿ ಗಣನೀಯ ಪಾಲು ಹುಳುವಿನಿಂದ ಹುಳುವಿಗೆ ಬೇರೆಯಾಗಿತ್ತು. ಅತಿ ಸರಳ ನರವ್ಯೂಹದಲ್ಲೂ ಜೀನುಗಳು ಗೊತ್ತುಪಡಿಸುವುದು ಜಾಲದ ಮುಖ್ಯ ಚೌಕಟ್ಟನ್ನು. ಉಳಿದದ್ದು ಬೆಳೆಯುವ ಹಾದಿಯಲ್ಲಿ ನಿರ್ಧಾರವಾಗುತ್ತದೆ.